ಭಾರತ ಮತ್ತೆ ಆರ್‌ಸಿಇಪಿ ಕಡೆ ಹೊರಟರೆ ಸಂಸತ್ತು ಏನು ಮಾಡಬಹುದು?

ತೋಟದ_ಲೆಕ್ಕ ಕೇಳಿದ್ದು:

2019ರ ನವೆಂಬರ್ 4ರಂದು ಬ್ಯಾಂಕಾಕ್ ಶೃಂಗಸಭೆಯಲ್ಲಿ ಭಾರತ, ಏಷ್ಯಾ-ಪೆಸಿಫಿಕ್ ದೇಶಗಳ ಪ್ರಾದೇಶಿಕ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹೊರಗುಳಿಯಿತು. ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಯಲ್ಲಿದೆ. ಹೊಸಬರು ಸೇರಬೇಕಾದರೆ ಜಾರಿಯಾದ ಮೇಲೆ 18 ತಿಂಗಳು ಕಾಯಬೇಕು ಎಂಬ ನಿಯಮದಿಂದ ಭಾರತಕ್ಕೆ ಮಾತ್ರ ವಿನಾಯಿತಿ ಇತ್ತು. ಅಂದರೆ ನಮಗೆ ಬಾಗಿಲು ತೆರೆದೇ ಇದೆ.

ನನ್ನ ಪ್ರಶ್ನೆ ಸೇರಬೇಕೋ ಬೇಡವೋ ಎಂಬುದಲ್ಲ. ನಾಳೆ ಕೇಂದ್ರ ಸರ್ಕಾರ ಸೇರಲು ತೀರ್ಮಾನಿಸಿದರೆ ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕೇ? ಬೇಡವಾದರೆ, ಸುಂಕದ ಪಟ್ಟಿಯನ್ನು ಸಹಿಗೆ ಮೊದಲು ಪರಿಶೀಲಿಸುವ ಅಧಿಕಾರ ಯಾವ ಸಮಿತಿಗಾದರೂ ಇದೆಯೇ? ಹಾಲು ಒಕ್ಕೂಟಗಳು, ಅಡಿಕೆ, ಕಾಳುಮೆಣಸು, ಕಾಫಿ ಬೆಳೆಗಾರರ ಸಂಘಗಳು ಸಂಸದರಿಗೆ ಮನವಿಪತ್ರ ಕೊಡುವುದರ ಆಚೆಗೆ ಏನು ಮಾಡಬಹುದು, ಯಾವ ಹಂತದಲ್ಲಿ ಮಾಡಬೇಕು? ನಿಯಮ, ಸಂಖ್ಯೆ ಸಮೇತ ಹೇಳಿದರೆ ಉಪಕಾರವಾಗುತ್ತದೆ.

---

ಸದನಸೂಚಿ ಉತ್ತರ:

ಮೊದಲ ಪ್ರಶ್ನೆಗೆ ಉತ್ತರ: ಬೇಡ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ 14ನೇ ನಮೂದು ವಿದೇಶಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದು, ಅದನ್ನು ಜಾರಿಗೊಳಿಸುವುದು. ಆ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ, ಆದರೆ ಒಪ್ಪಂದ ಮಾಡಿಕೊಳ್ಳುವ ವಿಧಾನದ ಬಗ್ಗೆ ಸಂಸತ್ತು ಇಲ್ಲಿಯವರೆಗೆ ಅಂಥ ಕಾನೂನು ಮಾಡಿಲ್ಲ. ಕಾನೂನು ಇಲ್ಲದ ಕಡೆ 73ನೇ ವಿಧಿಯ ಪ್ರಕಾರ ಕಾರ್ಯಾಂಗದ ಅಧಿಕಾರವೇ ನಡೆಯುತ್ತದೆ. ವಾಣಿಜ್ಯ ಇಲಾಖೆ ಮಾತುಕತೆ ನಡೆಸುತ್ತದೆ, ಸಚಿವ ಸಂಪುಟ ಒಪ್ಪಿಗೆ ಕೊಡುತ್ತದೆ, ಸಹಿಯಾಗುತ್ತದೆ. ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ಜೊತೆಗಿನ ಸರಕು ವ್ಯಾಪಾರ ಒಪ್ಪಂದ 2009ರ ಆಗಸ್ಟ್ 13ರಂದು ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬಂದದ್ದು ಹೀಗೆಯೇ. ಯಾವ ಸದನವೂ ಅದನ್ನು ಮತಕ್ಕೆ ಹಾಕಿಲ್ಲ.

ಹಾಗಾದರೆ ಸುಂಕ ಹೇಗೆ ಇಳಿಯುತ್ತದೆ, ಸುಂಕ ಸಂಸತ್ತಿನ ಅಧಿಕಾರವಲ್ಲವೇ ಎಂದು ಕೇಳಬಹುದು. ಕಸ್ಟಮ್ಸ್ ಸುಂಕದ ಕಾಯ್ದೆ 1975ರ ಅನುಸೂಚಿಯಲ್ಲಿರುವ ದರವನ್ನು ಸಂಸತ್ತೇ ನಿಗದಿ ಮಾಡುತ್ತದೆ, ನಿಜ. ಆದರೆ ಕಸ್ಟಮ್ಸ್ ಕಾಯ್ದೆ 1962ರ 25ನೇ ಸೆಕ್ಷನ್ ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ಸುಂಕ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಆಗಲೇ ಕೊಟ್ಟುಬಿಟ್ಟಿದೆ. ಒಂದು ಅಧಿಸೂಚನೆ ಸಾಕು. ಆಸಿಯಾನ್ ರಿಯಾಯಿತಿ ದರಗಳು ಇರುವುದು 2011ರ ಜೂನ್ 1ರ 46/2011 ಸಂಖ್ಯೆಯ ಕಸ್ಟಮ್ಸ್ ಅಧಿಸೂಚನೆಯಲ್ಲಿ. ಮಸೂದೆಯೂ ಇಲ್ಲ, ಮತದಾನವೂ ಇಲ್ಲ.

ಆ ಅಧಿಸೂಚನೆಯನ್ನು 159ನೇ ಸೆಕ್ಷನ್ ಪ್ರಕಾರ ಎರಡೂ ಸದನಗಳಲ್ಲಿ ಒಟ್ಟು 30 ದಿನ ಮಂಡಿಸಬೇಕು. ಬದಲಿಸಲು ಅಥವಾ ರದ್ದು ಮಾಡಲು ಎರಡೂ ಸದನಗಳು ಒಪ್ಪಬೇಕು. ರದ್ದಾದರೂ ಅಷ್ಟರೊಳಗೆ ನಡೆದ ಆಮದು ಸಿಂಧುವೇ. ಕಾಗದದ ಮೇಲೆ ಸಂಸತ್ತಿನ ಕೈಯಲ್ಲಿರುವ ನೇರ ತಡೆ ಇದೊಂದೇ. ಬಹುಮತ ಇರುವ ಸರ್ಕಾರದ ವಿರುದ್ಧ ಇದನ್ನು ಬಳಸಿ ಗೆಲ್ಲುವುದು ಕಷ್ಟ. ಸಹಿಯಾದ ಮೇಲೆ ಈ ದಾರಿ ಹಿಡಿದು ದೇಶ ಮಾತು ಮುರಿಯುವಂತೆ ಮಾಡಲು ಯಾವ ಪಕ್ಷವೂ ಸುಲಭಕ್ಕೆ ಮುಂದಾಗುವುದಿಲ್ಲ. ಆದ್ದರಿಂದ ಕೆಲಸವೆಲ್ಲ ಸಹಿಗೆ ಮೊದಲೇ ಆಗಬೇಕು.

---

ಹೇಮಾವತಿ_ದಂಡೆ ಉತ್ತರ:

253ನೇ ವಿಧಿ ಇದೆಯಲ್ಲ? ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಸಂಸತ್ತು ಕಾನೂನು ಮಾಡಬೇಕು ಎಂದು ಅದು ಹೇಳುತ್ತದೆ. ಕೃಷಿ ರಾಜ್ಯಪಟ್ಟಿಯ ವಿಷಯ ಬೇರೆ. ರಾಜ್ಯಗಳ ಒಪ್ಪಿಗೆಯಾದರೂ ಬೇಕಾಗುತ್ತದಲ್ಲವೇ?

---

ಸದನಸೂಚಿ ಉತ್ತರ:

ಈ ತಪ್ಪು ತಿಳಿವಳಿಕೆ ತುಂಬ ಕಡೆ ಇದೆ, ಬಿಡಿಸಿ ಹೇಳುತ್ತೇನೆ. 253ನೇ ವಿಧಿ "ಮಾಡಬೇಕು" ಎನ್ನುವುದಿಲ್ಲ, "ಮಾಡಬಹುದು" ಎನ್ನುತ್ತದೆ. ಒಪ್ಪಂದವನ್ನು ಜಾರಿಗೆ ತರಲು ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು ಎಂಬುದೇ ಅದರ ತಾತ್ಪರ್ಯ. ಅಂದರೆ ಅದು ರಾಜ್ಯಗಳಿಗೆ ರಕ್ಷಣೆ ಕೊಡುವ ವಿಧಿಯಲ್ಲ, ರಾಜ್ಯಗಳ ಬೇಲಿಯನ್ನು ದಾಟಲು ಕೇಂದ್ರಕ್ಕೆ ದಾರಿ ಕೊಡುವ ವಿಧಿ. ಇನ್ನು ಸುಂಕ ಮತ್ತು ವಿದೇಶ ವ್ಯಾಪಾರ ಕೇಂದ್ರಪಟ್ಟಿಯ 83 ಮತ್ತು 41ನೇ ನಮೂದುಗಳು. ಬೆಳೆ ರಾಜ್ಯದ್ದಾದರೂ ಬಂದರಿನಲ್ಲಿ ಹಾಕುವ ಸುಂಕ ಕೇಂದ್ರದ್ದು.

ಕಾನೂನು ಯಾವಾಗ ಬೇಕೇ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1969ರ ಮಗನ್‌ಭಾಯಿ ಪಟೇಲ್ ಪ್ರಕರಣದಲ್ಲಿ (ಕಛ್ ರಣ್ ಗಡಿ ವಿವಾದ) ಹೇಳಿದೆ. ಒಪ್ಪಂದದಿಂದ ನಾಗರಿಕರ ಹಕ್ಕು ಮೊಟಕಾದರೆ ಅಥವಾ ಇರುವ ಕಾನೂನು ಬದಲಾಗಬೇಕಾದರೆ ಶಾಸನ ಬೇಕು. ಇಲ್ಲದಿದ್ದರೆ ಬೇಡ. ನೆಲ ಬಿಟ್ಟುಕೊಡುವುದಾದರೆ ಸಂವಿಧಾನ ತಿದ್ದುಪಡಿಯೇ ಬೇಕು ಎಂಬುದು ಅದೇ ಕೋರ್ಟ್ 1960ರಲ್ಲಿ ಕೊಟ್ಟ ಬೇರುಬಾರಿ ಅಭಿಪ್ರಾಯ. ಆರ್‌ಸಿಇಪಿಯ 20 ಅಧ್ಯಾಯಗಳಲ್ಲಿ ಬೌದ್ಧಿಕ ಆಸ್ತಿ, ಇ-ವಾಣಿಜ್ಯ, ಹೂಡಿಕೆ ಸೇರಿವೆ. ಅವುಗಳಲ್ಲಿ ಯಾವುದಾದರೂ ನಮ್ಮ ಕಾಯ್ದೆಯ ತಿದ್ದುಪಡಿ ಬೇಡಿದರೆ ಅಲ್ಲಿ ಮಾತ್ರ ಮಸೂದೆ ಸದನಕ್ಕೆ ಬರುತ್ತದೆ. ಹಾಲಿನ ಪುಡಿಯ ಸುಂಕಕ್ಕೆ ಬರುವುದಿಲ್ಲ.

ಈ ಕೊರತೆ ಯಾರಿಗೂ ಕಾಣದ್ದೇನಲ್ಲ. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರಾಗಿದ್ದ ಸಂವಿಧಾನ ಕಾರ್ಯನಿರ್ವಹಣೆ ಪರಾಮರ್ಶೆ ಆಯೋಗ (2000–02) ತನ್ನ ಸಮಾಲೋಚನಾ ಪತ್ರದಲ್ಲಿ, 14ನೇ ನಮೂದಿನಡಿ ಸಂಸತ್ತು ಒಪ್ಪಂದ ಪ್ರಕ್ರಿಯೆಗೆ ಕಾನೂನು ಮಾಡಬೇಕೆಂದು ಶಿಫಾರಸು ಮಾಡಿತು. ಅದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕಿಲ್ಲ, ಸಾಮಾನ್ಯ ಕಾಯ್ದೆ ಸಾಕು. ಆ ಶಿಫಾರಸು ಈಗಲೂ ಹಾಗೇ ಬಿದ್ದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

---

ಪ್ರಶ್ನೋತ್ತರ_ವೇಳೆ ಉತ್ತರ:

ಕೆಲಸದ ಮಾತಿಗೆ ಬರುತ್ತೇನೆ. ಸಹಿಗೆ ಮೊದಲು ಬಳಸಬಹುದಾದ ಸಾಧನಗಳಲ್ಲಿ ಎರಡಕ್ಕೆ ಬಲವಿದೆ: ಪ್ರಶ್ನೆ ಮತ್ತು ಸ್ಥಾಯಿ ಸಮಿತಿ. ಲೋಕಸಭೆಯ ನಿಯಮ 193ರ ಅಲ್ಪಾವಧಿ ಚರ್ಚೆಗೆ ಮತದಾನವಿಲ್ಲ. ನಿಯಮ 184ರ ಪ್ರಸ್ತಾವಕ್ಕೆ ಮತದಾನ ಇದೆ, ಹಾಗಾಗಿ ಅದಕ್ಕೆ ಅವಕಾಶ ಸಿಗುವುದೇ ಅಪರೂಪ. ಗಮನ ಸೆಳೆಯುವ ಸೂಚನೆ (ನಿಯಮ 197) ಸಚಿವರ ಬಾಯಿಂದ ಹೇಳಿಕೆ ಹೊರಡಿಸಲು ಒಳ್ಳೆಯದು, ಅಷ್ಟೆ.

ಪ್ರಶ್ನೆಯ ವಿಷಯ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವಂಥವು), 230 ಚುಕ್ಕೆ ರಹಿತ ಪ್ರಶ್ನೆ (ಲಿಖಿತ ಉತ್ತರದವು). ರಾಜ್ಯಸಭೆಯಲ್ಲಿ 15 ಮತ್ತು 160. ಕನಿಷ್ಠ 15 ಪೂರ್ಣ ದಿನ ಮೊದಲು ಸೂಚನೆ ಕೊಡಬೇಕು. ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಸಂಸದರ ಮನೆಗೆ ಹೋದರೆ ಮೊದಲ ಎರಡು ವಾರ ಕೈತಪ್ಪಿರುತ್ತದೆ. ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಪ್ರಶ್ನೆಯ ಕರಡು ಅವರ ಕೈಯಲ್ಲಿರಬೇಕು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ಚುಕ್ಕೆ ಗುರುತಿನ ಪ್ರಶ್ನೆಗಳ ಆಯ್ಕೆ ಚೀಟಿ ಎತ್ತಿ ನಡೆಯುವುದರಿಂದ ಒಬ್ಬರನ್ನೇ ನಂಬಬೇಡಿ. ಒಂದೇ ವಿಷಯವನ್ನು ಬೇರೆ ಬೇರೆ ಪಕ್ಷಗಳ ಐದಾರು ಸದಸ್ಯರು ಕೊಟ್ಟರೆ ಯಾವುದಾದರೂ ಒಂದು ಮೇಲೆ ಬರುವ ಸಾಧ್ಯತೆ ಹೆಚ್ಚು. ಚುಕ್ಕೆ ಗುರುತು ಸಿಕ್ಕರೆ ಪೂರಕ ಪ್ರಶ್ನೆ ಕೇಳಬಹುದು. ನಿಜವಾದ ಮಾಹಿತಿ ಹೊರಬರುವುದು ಅಲ್ಲಿ.

ಪ್ರಶ್ನೆ ತಿರಸ್ಕೃತವಾಗುವುದು ಹೆಚ್ಚಾಗಿ ಕರಡಿನ ದೋಷದಿಂದ. 150 ಪದಗಳ ಮಿತಿ ಇದೆ. ಅಭಿಪ್ರಾಯ ಕೇಳುವಂತಿಲ್ಲ. ಸುಲಭವಾಗಿ ಸಿಗುವ ದಾಖಲೆಗಳಲ್ಲಿರುವ ಮಾಹಿತಿ ಕೇಳುವಂತಿಲ್ಲ. ಸಂಸದೀಯ ಸಮಿತಿಯ ಮುಂದಿರುವ ವಿಷಯವನ್ನೂ ಸಾಮಾನ್ಯವಾಗಿ ಕೇಳುವಂತಿಲ್ಲ. "ಆರ್‌ಸಿಇಪಿ ಸೇರಿದರೆ ರೈತರಿಗೆ ನಷ್ಟವಾಗುವುದಿಲ್ಲವೇ?" ಎಂಬ ಪ್ರಶ್ನೆ ಅಂಗೀಕಾರವಾದರೂ "ಎಲ್ಲ ಪಾಲುದಾರರ ಹಿತ ಕಾಯಲಾಗುವುದು" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅಷ್ಟಕ್ಕೇ ಮುಗಿಯಿತು. ಅದರ ಬದಲು ಹೀಗೆ ಕೇಳಿಸಿ: ಕಸ್ಟಮ್ಸ್ ಸುಂಕಪಟ್ಟಿಯ ಶೀರ್ಷಿಕೆ 0402 10, 0405 10, 0802 80, 0904 11, 0901 11ರ ಸರಕುಗಳನ್ನು ಯಾವುದೇ ಮಾತುಕತೆಯಲ್ಲಿ ರಿಯಾಯಿತಿಗೆ ಇಟ್ಟಿದೆಯೇ, ಹೊರಗಿಟ್ಟಿದೆಯೇ? ಸುಂಕ ಇಳಿಕೆಗೆ ಆಧಾರ ವರ್ಷ ಯಾವುದು? ಯಾವ ರಾಜ್ಯಗಳೊಂದಿಗೆ ಯಾವ ದಿನಾಂಕಗಳಂದು ಸಮಾಲೋಚನೆ ನಡೆದಿದೆ? (ಕ್ರಮವಾಗಿ ಕೆನೆರಹಿತ ಹಾಲಿನ ಪುಡಿ, ಬೆಣ್ಣೆ, ಅಡಿಕೆ, ಕಾಳುಮೆಣಸು, ಹುರಿಯದ ಕಾಫಿ.)

ಆಧಾರ ವರ್ಷ ಕೇಳಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರಲ್ಲಿ ಭಾರತ ಎತ್ತಿದ ತಕರಾರುಗಳಲ್ಲಿ ಇದೂ ಒಂದು. ಇತರರು 2014ರ ದರದಿಂದ ಇಳಿಸಿ ಎಂದರು, ಭಾರತ 2019ರ ದರ ಕೇಳಿತು. ನಡುವಿನ ವರ್ಷಗಳಲ್ಲಿ ನಾವು ಹಲವು ಸರಕುಗಳ ಸುಂಕ ಏರಿಸಿದ್ದೆವು. ಮೊಬೈಲ್ ಫೋನಿನ ಮೂಲ ಸುಂಕ ಸೊನ್ನೆಯಿಂದ 2018ರ ಬಜೆಟ್ ಹೊತ್ತಿಗೆ ಶೇ 20ಕ್ಕೆ ಬಂದಿತ್ತು. 2014ನ್ನು ಒಪ್ಪಿದರೆ ಸಹಿ ಹಾಕಿದ ದಿನವೇ ಆ ಏರಿಕೆಯೆಲ್ಲ ಅಳಿಸಿಹೋದಂತೆ.

ಇನ್ನೊಂದು ಎಡವಟ್ಟು ಸಚಿವಾಲಯದ ಆಯ್ಕೆಯಲ್ಲಿ ಆಗುತ್ತದೆ. ಮಾತುಕತೆ ವಾಣಿಜ್ಯ ಸಚಿವಾಲಯದ್ದು. ರಿಯಾಯಿತಿ ದರದಲ್ಲಿ ಎಷ್ಟು ಸರಕು ಬಂತು, ಸರಕು ಯಾವ ದೇಶದ್ದು ಎಂದು ಹೇಳುವ ಎಷ್ಟು ಮೂಲದೇಶ ಪ್ರಮಾಣಪತ್ರಗಳನ್ನು ತನಿಖೆಗೆ ಕಳಿಸಿದರು ಎಂಬುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯ ಮಾಹಿತಿ. ಹೈನುಗಾರಿಕೆಗೆ ಪ್ರತ್ಯೇಕ ಸಚಿವಾಲಯ. ಪ್ರತಿ ಸಚಿವಾಲಯಕ್ಕೂ ವಾರದಲ್ಲಿ ನಿಗದಿತ ದಿನ ಇರುವುದರಿಂದ, ಮೂರನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಅದು ಅಲ್ಲಿಂದಿಲ್ಲಿಗೆ ವರ್ಗವಾಗುತ್ತಾ ದಿನ ಕಳೆದುಹೋಗುತ್ತದೆ. ಮೂರು ಪ್ರಶ್ನೆ ಮಾಡಿ.

ಉತ್ತರದಲ್ಲಿ ಸಚಿವರು "ಪರಿಶೀಲಿಸಲಾಗುವುದು", "ಮಾಹಿತಿ ಸಂಗ್ರಹಿಸಿ ಮಂಡಿಸಲಾಗುವುದು" ಎಂದರೆ ಅದು ಭರವಸೆಯಾಗಿ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿಸದಿದ್ದರೆ ಸರ್ಕಾರಿ ಭರವಸೆಗಳ ಸಮಿತಿಗೆ ಸಂಸದರ ಮೂಲಕ ಬರೆಯಬಹುದು. ಇದನ್ನು ಬಹಳ ಜನ ಮರೆಯುತ್ತಾರೆ.

---

ತೋಟದ_ಲೆಕ್ಕ ಉತ್ತರ:

ಬಹಳ ಉಪಯುಕ್ತ ಸರ್. ಸ್ಥಾಯಿ ಸಮಿತಿ ಬಗ್ಗೆ ಇನ್ನಷ್ಟು ಹೇಳುತ್ತೀರಾ? ಸುಂಕದ ಪಟ್ಟಿಯ ಕರಡನ್ನು ಅವರು ತರಿಸಿಕೊಳ್ಳಬಹುದೇ?

---

ಪ್ರಶ್ನೋತ್ತರ_ವೇಳೆ ಉತ್ತರ:

ವಾಣಿಜ್ಯದ ಸ್ಥಾಯಿ ಸಮಿತಿ ರಾಜ್ಯಸಭೆಯ ಆಡಳಿತದಡಿ ಬರುತ್ತದೆ. 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರು ಸದಸ್ಯರಾಗುವಂತಿಲ್ಲ, ಇಲಾಖೆಯ ಕಾರ್ಯದರ್ಶಿ ಬಂದು ಸಾಕ್ಷ್ಯ ಹೇಳುತ್ತಾರೆ. ಕಡತ ತರಿಸಿಕೊಳ್ಳುವ ಅಧಿಕಾರ ಸಮಿತಿಗಿದೆ. ಆದರೆ ದೇಶದ ಸುರಕ್ಷತೆ ಅಥವಾ ಹಿತಾಸಕ್ತಿಗೆ ಧಕ್ಕೆಯಾಗುತ್ತದೆ ಎಂಬ ಕಾರಣ ಕೊಟ್ಟು ಸರ್ಕಾರ ದಾಖಲೆ ಕೊಡಲು ನಿರಾಕರಿಸಬಹುದು. ನಡೆಯುತ್ತಿರುವ ಮಾತುಕತೆಯಲ್ಲಿ ನಮ್ಮ ಕೊನೆಯ ಮಿತಿ ಎದುರಾಳಿಗೆ ಗೊತ್ತಾಗಬಾರದು ಎಂಬ ವಾದದಲ್ಲಿ ಹುರುಳೂ ಇದೆ. ಹಾಗಾಗಿ ಪಟ್ಟಿಯನ್ನೇ ಕೇಳಿ ಇಲ್ಲ ಅನ್ನಿಸಿಕೊಳ್ಳುವ ಬದಲು, ಪಟ್ಟಿ ಮಾಡಿದ ಆಧಾರ ಕೇಳುವುದು ಜಾಣತನ. ಯಾವ ಅಧ್ಯಯನ ಮಾಡಿಸಿದಿರಿ, ಯಾರು ಮಾಡಿದರು, ಆಸಿಯಾನ್ ಒಪ್ಪಂದದ ಅನುಭವವನ್ನು ಸರಕುವಾರು ಲೆಕ್ಕ ಹಾಕಿದ್ದೀರಾ? ಇವಕ್ಕೆ ಗೋಪ್ಯತೆಯ ನೆಪ ಹೊಂದುವುದಿಲ್ಲ.

ಸಮಿತಿ ತಾನೇ ವಿಷಯ ಆರಿಸಿಕೊಳ್ಳಬಹುದು. 2018ರ ಜುಲೈನಲ್ಲಿ ಬಂದ ಅದರ 145ನೇ ವರದಿ ಚೀನಾ ಸರಕುಗಳು ಭಾರತೀಯ ಕೈಗಾರಿಕೆಯ ಮೇಲೆ ಬೀರಿದ ಪರಿಣಾಮದ ಬಗ್ಗೆ. ಬ್ಯಾಂಕಾಕ್ ತೀರ್ಮಾನಕ್ಕೆ ಒಂದೂಕಾಲು ವರ್ಷ ಮೊದಲು ಬಂದದ್ದು. ಸಮಿತಿಯ ಕೆಲಸ ಹೊತ್ತಿಗೆ ಸರಿಯಾಗಿ ಆದರೆ ಹೇಗಿರುತ್ತದೆ ಎಂಬುದಕ್ಕೆ ಅದನ್ನು ಓದಬೇಕು.

ವಿಷಯ ಆರಿಸಿಕೊಂಡ ಮೇಲೆ ಸಮಿತಿ ಜಾಹೀರಾತು ಕೊಟ್ಟು ಲಿಖಿತ ಅಭಿಪ್ರಾಯ ಆಹ್ವಾನಿಸುತ್ತದೆ, ಕಾಲಾವಕಾಶ ಕಡಿಮೆ ಇರುತ್ತದೆ. ಸಂಘದ ಠರಾವು, ಘೋಷಣೆ ಕಳಿಸಿದರೆ ಪ್ರಯೋಜನವಿಲ್ಲ. ನಾಲ್ಕೈದು ಪುಟ ಸಾಕು: ಉತ್ಪಾದನಾ ವೆಚ್ಚ, ಈಗಿನ ಸುಂಕ, ಆಮದು ಬೆಲೆಯ ಹೋಲಿಕೆ, ನಿಮ್ಮ ಬೇಡಿಕೆ ಹೊರಗಿಡುವುದೋ, ಹಂತಹಂತವಾಗಿ ಇಳಿಸುವುದೋ, ಮಿತಿ ಹಾಕಿದ ಕೋಟಾವೋ ಎಂಬುದು. ಉದಾಹರಣೆಗೆ ಕೆನೆರಹಿತ ಹಾಲಿನ ಪುಡಿಗೆ ಶೇ 60 ಸುಂಕ, ಆದರೆ 10,000 ಟನ್‌ವರೆಗೆ ಶೇ 15ರ ಕೋಟಾ ಎಂಬ ವ್ಯವಸ್ಥೆ ನಮ್ಮಲ್ಲಿದೆ. ನ್ಯೂಜಿಲೆಂಡ್‌ನಂಥ ದೇಶ ಕೇಳುವುದು ಈ ಕೋಟಾ ಹಿಗ್ಗಿಸಿ ಎಂದೇ ಇರಬಹುದು, ಸುಂಕ ರದ್ದು ಮಾಡಿ ಎಂದೇ ಇರಬೇಕಿಲ್ಲ. "ಸುಂಕ ಇಳಿಸಬೇಡಿ" ಎಂದಷ್ಟೇ ಬರೆದಿದ್ದರೆ ಕೋಟಾ ದಾರಿಯಲ್ಲಿ ಸರಕು ಬಂದಾಗ ನಿಮ್ಮ ಬೇಡಿಕೆ ಈಡೇರಿದ ಹಾಗೇ ಲೆಕ್ಕ. ಕಳಿಸಿದ ಪ್ರತಿ ಸಮಿತಿಯ ಗೋಪ್ಯ ದಾಖಲೆಯಾಗುತ್ತದೆ, ಪತ್ರಿಕೆಗಳಿಗೆ ಕೊಡಬೇಡಿ. ಕೊಟ್ಟರೆ ಹಕ್ಕುಚ್ಯುತಿಯ ತೊಡಕು.

ಸಮಿತಿಯನ್ನು ಪ್ರತಿ ವರ್ಷ ಪುನರ್ರಚಿಸುತ್ತಾರೆ, ಇದು ದೊಡ್ಡ ದೌರ್ಬಲ್ಯ. ಏಳು ವರ್ಷ ಎಳೆದ ಮಾತುಕತೆಯನ್ನು ಒಂದು ವರ್ಷದ ಸಮಿತಿ ಹಿಂಬಾಲಿಸುವುದು ಹೇಗೆ? ಬಜೆಟ್ ಅಧಿವೇಶನದ ಬಿಡುವಿನಲ್ಲಿ ಅನುದಾನ ಬೇಡಿಕೆಗಳ ಪರಿಶೀಲನೆ ಮಾತ್ರ ತಪ್ಪದೆ ನಡೆಯುತ್ತದೆ. ಸದನದಲ್ಲಿ ಹೆಚ್ಚಿನ ಸಚಿವಾಲಯಗಳ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಟ್ಟಿಗೆ ಅಂಗೀಕಾರವಾಗುವುದರಿಂದ, ವರ್ಷಕ್ಕೊಮ್ಮೆ ಖಚಿತವಾಗಿ ಸಿಗುವ ಬಾಗಿಲು ಆ ಸಮಿತಿ ಸಭೆಯೇ.

---

ಆಗ್ನೇಯ_ಗಾಳಿ ಉತ್ತರ:

ಇದೇ ಆರ್‌ಸಿಇಪಿಯನ್ನು ಬೇರೆ ಸಂಸತ್ತುಗಳು ಹೇಗೆ ನೋಡಿದವು ಎಂಬುದು ಇಲ್ಲಿ ಮುಖ್ಯ.

ಫಿಲಿಪ್ಪೀನ್ಸ್ ಸಂವಿಧಾನದ ಪ್ರಕಾರ ಒಪ್ಪಂದಕ್ಕೆ ಸೆನೆಟ್‌ನ ಎಲ್ಲ ಸದಸ್ಯರ ಮೂರನೇ ಎರಡರಷ್ಟು ಬೆಂಬಲ ಬೇಕು. 24 ಸೆನೆಟರುಗಳಲ್ಲಿ 16. ಅಲ್ಲಿನ ಅಧ್ಯಕ್ಷರು 2021ರ ಸೆಪ್ಟೆಂಬರಿನಲ್ಲೇ ತಮ್ಮ ಅಂಕಿತ ಹಾಕಿದ್ದರು. ರೈತ ಸಂಘಟನೆಗಳು ಸೆನೆಟ್ ಮುಂದೆ ಪಟ್ಟು ಹಿಡಿದವು. ಅಗ್ಗದ ಆಮದು ತಡೆಯುವ ಸಿದ್ಧತೆ ಎಲ್ಲಿದೆ, ಗಡಿಯಲ್ಲಿ ತಪಾಸಣೆ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಆ ಸೆನೆಟ್‌ನ ಅವಧಿ ಮುಗಿದರೂ ಒಪ್ಪಿಗೆ ಸಿಗಲಿಲ್ಲ. ಹೊಸ ಸೆನೆಟ್ 2023ರ ಫೆಬ್ರವರಿ 21ರಂದು 20 ಪರ, 1 ವಿರುದ್ಧ, 1 ತಟಸ್ಥ ಮತಗಳಿಂದ ಒಪ್ಪಿತು, ಜಾರಿಯ ಮೇಲೆ ಕಣ್ಣಿಡುವ ವ್ಯವಸ್ಥೆಯನ್ನೂ ಸೇರಿಸಿತು. ಒಪ್ಪಂದ ಅವರಿಗೆ ಅನ್ವಯವಾದದ್ದು 2023ರ ಜೂನ್ 2ರಿಂದ. 17 ತಿಂಗಳು ಹೊರಗಿದ್ದರೂ ಒಕ್ಕೂಟ ಮುರಿದುಬೀಳಲಿಲ್ಲ. ಸಂಸತ್ತು ಸಮಯ ತೆಗೆದುಕೊಂಡರೆ ಅವಕಾಶವೇ ತಪ್ಪಿಹೋಗುತ್ತದೆ ಎಂದು ನಮ್ಮಲ್ಲಿ ಹೇಳುವವರು ಇದನ್ನು ಗಮನಿಸಬೇಕು.

ಆಸ್ಟ್ರೇಲಿಯಾದಲ್ಲಿ ಒಪ್ಪಂದಗಳಿಗೇ ಮೀಸಲಾದ ಜಂಟಿ ಸ್ಥಾಯಿ ಸಮಿತಿ 1996ರಿಂದ ಇದೆ. ಸಹಿಯಾದ ಒಪ್ಪಂದವನ್ನು ರಾಷ್ಟ್ರೀಯ ಹಿತಾಸಕ್ತಿ ವಿಶ್ಲೇಷಣೆ ಎಂಬ ದಾಖಲೆಯ ಜೊತೆ ಮಂಡಿಸಬೇಕು. ಪ್ರಮುಖ ಒಪ್ಪಂದಕ್ಕೆ 20 ಅಧಿವೇಶನ ದಿನ. ಆರ್‌ಸಿಇಪಿ ಕುರಿತ 196ನೇ ವರದಿ 2021ರ ಆಗಸ್ಟ್‌ನಲ್ಲಿ ಬಂತು. ಅನುಮೋದಿಸಿ ಎಂದಿತು, ಜೊತೆಗೆ ಮ್ಯಾನ್ಮಾರ್ ಸೈನಿಕ ಆಡಳಿತದ ಪ್ರಶ್ನೆಯನ್ನೂ ಎತ್ತಿತು. ಪಠ್ಯದಲ್ಲಿ ಒಂದಕ್ಷರ ಬದಲಿಸಲು ಅದಕ್ಕೂ ಆಗದು.

ಬ್ರಿಟನ್ನಿನದು ನೋಡಲು ಗಟ್ಟಿ, ಒಳಗೆ ಪೊಳ್ಳು. ಅದು ಆರ್‌ಸಿಇಪಿಗಲ್ಲ, ಪೆಸಿಫಿಕ್ ದೇಶಗಳ ಸಿಪಿಟಿಪಿಪಿ ಎಂಬ ವ್ಯಾಪಾರ ಒಕ್ಕೂಟಕ್ಕೆ 2023ರ ಜುಲೈ 16ರಂದು ಸಹಿ ಹಾಕಿತು. 2010ರ ಕಾಯ್ದೆ ಪ್ರಕಾರ ಎರಡೂ ಸದನ ಕೂಡುವ 21 ದಿನ ಒಪ್ಪಂದವನ್ನು ಮಂಡಿಸಿಡಬೇಕು. ಕೆಳಮನೆ ಬೇಡ ಎಂದು ನಿರ್ಣಯಿಸಿದರೆ ಮತ್ತೆ 21 ದಿನ, ಹೀಗೆ ಎಷ್ಟು ಸಲ ಬೇಕಾದರೂ ತಡೆಯಬಹುದು. ಆದರೆ ಆ ದಿನಗಳಲ್ಲಿ ಚರ್ಚೆಗೆ ಸಮಯ ಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ, ಸಮಯ ಕೊಡುವುದು ಸರ್ಕಾರದ ಕೈಯಲ್ಲಿದೆ. ಅಲ್ಲಿನ ಸಂಸತ್ತು 2024ರ ಮಾರ್ಚ್ 20ರಂದು ಅಂಕಿತ ಪಡೆದ ಕಾಯ್ದೆಯ ಮೂಲಕ ಸರ್ಕಾರಿ ಖರೀದಿ, ಸರಕಿನ ಗುಣಮಟ್ಟ ಪರೀಕ್ಷೆ, ಬೌದ್ಧಿಕ ಆಸ್ತಿ ಈ ಮೂರಕ್ಕೆ ಬೇಕಾದ ತಿದ್ದುಪಡಿ ಮಾಡಿತು. ಒಪ್ಪಂದವನ್ನೇ ಇಡಿಯಾಗಿ ಒಪ್ಪುವ ಮತದಾನ ನಡೆಯಲಿಲ್ಲ. ಒಂದನ್ನು ಮಾತ್ರ ಅವರಿಂದ ಕಲಿಯಬಹುದು: ಕೃಷಿ, ಆಹಾರ ಮಾನದಂಡಗಳ ಮೇಲೆ ಒಪ್ಪಂದದ ಪರಿಣಾಮವನ್ನು ಸ್ವತಂತ್ರ ಆಯೋಗವೊಂದು ಪರಿಶೀಲಿಸಿ ಕೊಟ್ಟ ವರದಿ ಸಂಸದರ ಕೈಯಲ್ಲಿತ್ತು.

---

ಸುಂಕದಕಟ್ಟೆ ಉತ್ತರ:

ಎಲ್ಲರೂ ಸಹಿಯವರೆಗಿನ ಮಾತು ಹೇಳಿದ್ದೀರಿ. ಕಸ್ಟಮ್ಸ್ ಕಡೆಯಿಂದ ಒಂದು ವಿಷಯ ಸೇರಿಸಬೇಕು. ಸುಂಕದ ಪಟ್ಟಿಯಷ್ಟೇ ಮುಖ್ಯವಾದದ್ದು ಮೂಲದೇಶ ನಿಯಮ, ಅಂದರೆ ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ. ಅದನ್ನು ಸದನದಲ್ಲಿ ಕೇಳುವವರು ಕಡಿಮೆ.

ಆಸಿಯಾನ್ ಒಪ್ಪಂದದಲ್ಲಿ ಕಾಳುಮೆಣಸು, ಕಾಫಿ, ಚಹಾ, ತಾಳೆಎಣ್ಣೆಗಳು ವಿಶೇಷ ಸರಕುಗಳು. ಮೆಣಸಿಗೆ ಶೇ 70ರಿಂದ 50ಕ್ಕೆ, ಕಾಫಿಗೆ ಶೇ 100ರಿಂದ 45ಕ್ಕೆ 2019ರ ಕೊನೆಯವರೆಗೆ ಹಂತಹಂತವಾಗಿ ಇಳಿಸುವುದು ಎಂದಿತ್ತು. ಮೇಲ್ನೋಟಕ್ಕೆ ಶೇ 50 ಒಳ್ಳೆಯ ರಕ್ಷಣೆ. ಆದರೆ ಶ್ರೀಲಂಕಾ ಜೊತೆ ಬೇರೆಯೇ ಒಪ್ಪಂದವಿದೆ. ಅಲ್ಲಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ದೂರಿದ್ದು ಇದೇ ಸಂದಿಯ ಬಗ್ಗೆ. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗಕ್ಕೆ ತರುವಂತಿಲ್ಲ) ಬಂದದ್ದು ಆ ನಂತರ. ಅಡಿಕೆಗೆ ಈ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 251ರಿಂದ 351 ರೂಪಾಯಿಗೆ ಏರಿಸಿದರು. ಇವೆಲ್ಲ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಗಳು. ದೊಡ್ಡ ಒಕ್ಕೂಟಕ್ಕೆ ಸೇರುವಾಗ ಇಂಥ ಕನಿಷ್ಠ ಬೆಲೆಯ ಕ್ರಮ ಉಳಿಯುತ್ತದೆಯೇ, ಆಮದು ನಿರ್ಬಂಧ ಎಂದು ಕೈಬಿಡಬೇಕಾಗುತ್ತದೆಯೇ ಎಂದು ಸಂಸದರು ಕೇಳಲೇಬೇಕು. ಅಡಿಕೆಗೆ ಇದು ಶೇ 100 ಸುಂಕಕ್ಕಿಂತ ದೊಡ್ಡ ಪ್ರಶ್ನೆ.

ಮೂಲದೇಶ ನಿಯಮದ ಲೆಕ್ಕ ಹೀಗಿದೆ. ಆಸಿಯಾನ್‌ನಲ್ಲಿ ಪೂರ್ತಿಯಾಗಿ ಅಲ್ಲೇ ಬೆಳೆಯದ ಅಥವಾ ತಯಾರಾಗದ ಸರಕಿನ ಮೌಲ್ಯದಲ್ಲಿ ಕನಿಷ್ಠ ಶೇ 35 ಒಪ್ಪಂದದ ದೇಶಗಳಲ್ಲೇ ಸೇರಿದ್ದಾಗಿರಬೇಕು, ಆರಂಕಿಯ ಉಪಶೀರ್ಷಿಕೆಯೂ ಬದಲಾಗಬೇಕು. ಆರ್‌ಸಿಇಪಿಯಲ್ಲಿ 15 ದೇಶಗಳ ಮೌಲ್ಯವನ್ನೂ ಒಟ್ಟು ಸೇರಿಸಿ ಲೆಕ್ಕ ಹಾಕಬಹುದು. ಚೀನಾದ ಬಿಡಿಭಾಗ ವಿಯೆಟ್ನಾಂನಲ್ಲಿ ಜೋಡಣೆಯಾದರೂ ಅದು ಒಕ್ಕೂಟದ್ದೇ ಸರಕು. ಚೀನಾಕ್ಕೆಂದು ಪ್ರತ್ಯೇಕವಾಗಿ ಹೆಚ್ಚು ಸುಂಕ ಉಳಿಸಿಕೊಂಡಿದ್ದೇವೆ ಎಂದು ಸರ್ಕಾರ ಹೇಳಿದರೆ, ಪಕ್ಕದ ದೇಶದ ಮೂಲಕ ಬಂದಾಗ ಯಾವ ದರ ಹಾಕುತ್ತೀರಿ ಎಂದು ಮರುಪ್ರಶ್ನೆ ಹಾಕಬೇಕು. ಪಟ್ಟಿಯಲ್ಲಿ ಕಾಣುವ ರಕ್ಷಣೆ ಎಷ್ಟು ಗಟ್ಟಿ ಎಂಬುದು ಈ ಉತ್ತರದಲ್ಲಿ ಗೊತ್ತಾಗುತ್ತದೆ.

ನಮ್ಮಲ್ಲಿ ಸಂಸತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. 2020ರ ಹಣಕಾಸು ಕಾಯ್ದೆಯಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಸೆಕ್ಷನ್ ಸೇರಿತು, ಅದರ ನಿಯಮಗಳು 2020ರ ಸೆಪ್ಟೆಂಬರ್ 21ರಿಂದ ಜಾರಿಯಾದವು. ಪ್ರಮಾಣಪತ್ರ ತೋರಿಸಿದರೆ ಸಾಲದು, ಸರಕು ಅಲ್ಲಿನದೇ ಎಂಬ ಮಾಹಿತಿಯನ್ನು ಆಮದುದಾರರೇ ಇಟ್ಟುಕೊಂಡು, ಐದು ವರ್ಷ ಕಾಪಾಡಿ, ಕೇಳಿದಾಗ ಕೊಡಬೇಕು. ಅನುಮಾನ ಬಂದರೆ ರಿಯಾಯಿತಿ ತಡೆಹಿಡಿಯಬಹುದು. ಹೊಸ ಒಕ್ಕೂಟದ ಪಠ್ಯದಲ್ಲಿ ಈ ಸೆಕ್ಷನ್ನಿಗೆ ವಿರುದ್ಧವಾದ ಷರತ್ತು ಇದ್ದರೆ ಕಾಯ್ದೆ ತಿದ್ದಬೇಕಾಗುತ್ತದೆ. ಆಗ, ಸದನಸೂಚಿ ಅವರು ಹೇಳಿದಂತೆ, ಮಸೂದೆ ಸದನಕ್ಕೆ ಬರಲೇಬೇಕು.